ಕಂಕುಳ ಕಾವು

ಮೀಟರು ಅಂದದ್ದು ಇಷ್ಟೇ: ಚಳಿ.
ಅಂಕಿ ಇರಬೇಕಾದಲ್ಲಿ ಥರ್ಮಾಮೀಟರಿನ ಪುಟ್ಟ ಚಿತ್ರ
ಎರಡು ಸಲ ಮಿನುಗಿ ಆರಿತು.
ಹೊರಗೆ ಮೈನಸ್ ಮೂವತ್ತೆಂಟು. ಹೀಟರು ಕೆಟ್ಟ ಜೀಪಿನಲ್ಲಿ
ನಾಲ್ಕು ತಾಸು ಕೂತು ಬಂದ ಪಟ್ಟಿಗಳು
ಒಣಮೀನಿನ ಹಾಗೆ ಸೆಟೆದಿದ್ದವು.

ಗೊಂಚಿಗ್ ಎದ್ದು ನಿಲ್ಲಲೂ ಇಲ್ಲ.
"ಕುಡಿದು ಬಿದ್ದಿದ್ದಾನೆ, ಉರ್ತ್ನಾಸನ್. ಬೇಕಾದರೆ ಮೂಸು.
ಹದಿನಾಲ್ಕಕ್ಕೇ ಆರ್ಖಿ! ಎರಡು ಬಿಟ್ಟೆ, ಏಳಲಿಲ್ಲ.
ಮೂರನೆಯದಕ್ಕೆ ಕೈ ಬರಲಿಲ್ಲ."

ಮೂಸಿದೆ.
ಗಡಿಯಾಚೆಯಿಂದ ಲಾರಿಯಲ್ಲಿ ಬರುತ್ತ
ದಾರಿಯಲ್ಲೇ ಮಾಗಿ, ಕೊಳೆತು ಹೋದ ಸೇಬಿನ ಪೆಟ್ಟಿಗೆ.
ಗೊಂಚಿಗನ ಮೂಗನ್ನು ಹಳಿಯಲಾರೆ.
ಗುಡ್ಡದಾಚೆಯ ತೋಳವನ್ನು ಗಾಳಿಯಲ್ಲೇ ಹಿಡಿದ ಮೂಗು ಅದು.
ಆದರೆ ಹುಡುಗನ ಉಸಿರು
ಆಳಕ್ಕೆ, ಇನ್ನೂ ಆಳಕ್ಕೆ,
ತಳ ಸಿಗದ ಬಾವಿಗೆ ಕೊಡ ಇಳಿಬಿಟ್ಟ ಹಾಗೆ.
ಕುಡಿದವರ ಉಸಿರು ಹಾಗಿರುವುದಿಲ್ಲ.

"ಮೂರು ದಿನದಿಂದ ನೀರು, ನೀರು," ಅಂದಳು ದೋಲ್ಗೋರ್,
ನನಗಲ್ಲ, ಕೈಯಲ್ಲಿದ್ದ ಸೌಟಿಗೆ.
"ಕೆಟಲಿನ ಮೂತಿಗೇ ಬಾಯಿ. ನಿನ್ನೆ ಹೊರಗೆ ಹೋಗಿ
ಹಿಮ ತಿನ್ನುತ್ತಿದ್ದ."

ದೇಲ್‌ನ ಗುಂಡಿ ಬಿಚ್ಚಿ
ಪಟ್ಟಿಯ ಡಬ್ಬಿ, ಮೀಟರು ಎರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡೆ.
ಕಬ್ಬಿಣ ಕಚ್ಚಿದಂತಾಯಿತು.
ಒಲೆಯ ಮಗ್ಗುಲಲ್ಲಿ, ಹಳೆಯ ಕಂಬಳಿಯೊಳಗೆ,
ಕಾಲಕ್ಕೆ ಮುಂಚೆ ಹುಟ್ಟಿದ ಕುರಿಮರಿಯೊಂದು
ನನ್ನ ಹಾಗೆಯೇ ಕಾಯುತ್ತಿತ್ತು.

"ಏನಿದು, ಮಾಟವೆ?"
"ಪಟ್ಟಿಯ ತುದಿಯಲ್ಲಿ ಕಿಣ್ವ ಇದೆ," ಅಂದೆ.
ಆ ಪದ ಅವನನ್ನು ದಾಟಿ ಹೊಗೆಗಿಂಡಿಯಿಂದ ಹೊರಗೆ ಹೋಯಿತು.
"ತಾಯಿಕುರಿ ಅಂದುಕೋ.
ಇನ್ನೂರು ಮರಿ ತಂದು ಮುಂದೆ ನಿಲ್ಲಿಸು,
ಮೂಸಿ ಮೂಸಿ ತನ್ನದೊಂದನ್ನೇ ಕೆಚ್ಚಲಿಗೆ ಬಿಡುತ್ತದೆ.
ಮಿಕ್ಕವಕ್ಕೆ ಒದೆ.
ಇದೂ ಹಾಗೇ. ರಕ್ತದಲ್ಲಿ ಉಪ್ಪಿದೆ, ಸಕ್ಕರೆ, ಜಿಡ್ಡು,
ನೀನು ಹೇಳುವ ಆರ್ಖಿಯೂ ಇದ್ದೀತು.
ಯಾವುದಕ್ಕೂ ತಲೆ ಎತ್ತುವುದಿಲ್ಲ.
ತನ್ನದು ಬಂತೋ, ಮುಟ್ಟುತ್ತದೆ. ಮುಟ್ಟಿದ್ದಕ್ಕೊಂದು ಕಿಡಿ.
ಕಿಡಿಗಳನ್ನು ಎಣಿಸುವುದಷ್ಟೇ ಈ ಪೆಟ್ಟಿಗೆಯ ಕೆಲಸ."
"ಚಳಿಯಲ್ಲಿ?"
"ಚಳಿಯಲ್ಲಿ ಅದಕ್ಕೂ ಮೂಗು ಕಟ್ಟುತ್ತದೆ."

ನಗಲಿಲ್ಲ ಅವನು. ಒಲೆಗೆ ಇನ್ನೊಂದು ಬೆರಣಿ ಒಡ್ಡಿದ.

ಮ್ಯಾಗ್ಮಾರನ ಬೆರಳು ತಣ್ಣಗೆ, ಬಿಳಿಚಿಕೊಂಡು.
ದೋಲ್ಗೋರ್ ಅದನ್ನು ತನ್ನ ಬಾಯೊಳಗಿಟ್ಟು ಬೆಚ್ಚಗೆ ಮಾಡಿದಳು.
ಒರೆಸಿದೆ, ಚುಚ್ಚಿದೆ, ಹಿಂಡಿದೆ.
ಎಳ್ಳಿನಷ್ಟು ರಕ್ತ ಹೊರಬಂದು ನಿಂತಿತು.
ಪಟ್ಟಿ ಅದನ್ನು ತಾನಾಗಿ ಹೀರಿಕೊಂಡಿತು,
ನಾನು ಏನೂ ಮಾಡಬೇಕಾಗಲಿಲ್ಲ.
ಹತ್ತರಿಂದ ಕೆಳಗಿಳಿಯುತ್ತದೆ ಎಣಿಕೆ.
ಏಳಕ್ಕೆ ಬಂದಾಗ ಮರಿ ಒಮ್ಮೆ ಅರಚಿತು.
ಆಮೇಲೆ ಯಾರೂ ಇಲ್ಲ, ಏನೂ ಇಲ್ಲ,
ಆ ಪುಟ್ಟ ಗಾಜಿನ ಬೆಳಕು ಬಿಟ್ಟರೆ.

ಕೀಟೋನು: ಐದು ಪಾಯಿಂಟ್ ಒಂಬತ್ತು.
ಸಕ್ಕರೆಯ ಪಟ್ಟಿಯಂತೂ ಅಂಕಿಯನ್ನೇ ಕೊಡಲಿಲ್ಲ,
ನನ್ನ ಲೆಕ್ಕಕ್ಕೆ ಮೀರಿದ್ದು ಎಂದು ಕೈ ಚೆಲ್ಲಿತು.

"ಕುಡಿದಿಲ್ಲ ಗೊಂಚಿಗ್. ಸಕ್ಕರೆ ರಕ್ತದ ತುಂಬ ನಿಂತಿದೆ,
ಮೈಯೊಳಕ್ಕೆ ಬಾಗಿಲು ತೆರೆಯುವವರಿಲ್ಲ.
ಹಸಿದ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತಿದೆ.
ನೀನು ಮೂಸಿದ್ದು ಆ ಹೊಗೆ."

ಅವನು ಏನೋ ಹೇಳಲು ಬಾಯಿ ತೆರೆದ.
ಮತ್ತೆ ಮಗನನ್ನು ಕಂಬಳಿ ಸಮೇತ ಎತ್ತಿಕೊಂಡು
ಬಾಗಿಲಿಗೆ ತಲೆ ಬಗ್ಗಿಸುವುದನ್ನೂ ಮರೆತು, ಹೊರಗೆ ನಡೆದ.

ತೋಸೊಂತ್ಸೆಂಗೆಲ್ ಆಸ್ಪತ್ರೆಗೆ ನೂರ ಹತ್ತು ಕಿಲೋಮೀಟರು.
ಸಲೈನು ಹೆಪ್ಪುಗಟ್ಟದಿರಲೆಂದು
ನಳಿಗೆಯನ್ನು ನನ್ನ ತೋಳಿಗೇ ಸುತ್ತಿಕೊಂಡಿದ್ದೆ.
ನದಿಯ ಮಂಜುಗಡ್ಡೆ ದಾಟುವಾಗ
ಇನ್ನೊಮ್ಮೆ ಅಳೆಯಬೇಕು ಅನ್ನಿಸಿತು.
ಡಬ್ಬಿ ಎಲ್ಲಿ? ಚೀಲದಲ್ಲಿಲ್ಲ, ಸೀಟಿನ ಕೆಳಗಿಲ್ಲ,
ಗೆರ್‌ನಲ್ಲೇ ಬಿಟ್ಟು ಬಂದೆನೆಂದು ಎದೆ ಧಸಕ್ಕೆಂದಿತು.

ಗೊಂಚಿಗ್ ಮಾತಾಡದೆ ದೇಲ್‌ನ ಕೊರಳು ಸಡಿಲಿಸಿದ.
ಅಷ್ಟು ಹೊತ್ತೂ ಪಕ್ಕೆಗೆ ಒತ್ತಿ ಹಿಡಿದಿದ್ದ
ಬಲಗೈಯನ್ನು ಮೆಲ್ಲಗೆ,
ಮೊಟ್ಟೆಯ ಮೇಲಿಂದ ಏಳುವ ಹಕ್ಕಿಯಷ್ಟು ಮೆಲ್ಲಗೆ
ಎತ್ತಿದ.